ನಕ್ಷತ್ರವಿಲ್ಲದ ಪದ

ಪ್ರೊಫೆಸರ್ ಸಿಖ್ರಾನನ್ನು ನಮ್ಮ ಹ್ರಾಡ್ನಾ ಊರಿನ ಹಾಪ್ಸ್ ತೋಟದಲ್ಲಿ ಕಂಬಕ್ಕೆ ಕಟ್ಟಿದ್ದು ಎರಡು ಸಲ. ಮೊದಲ ಸಲ ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎರಡನೇ ಸಲ ಕಟ್ಟಿದ್ದನ್ನು ಕಂಡಾಗ ಆತ ಸತ್ತಿದ್ದ.

ಸತ್ತವನ ಬಗ್ಗೆ ಒಳ್ಳೆಯ ಮಾತಾಡಬೇಕು ಅನ್ನುತ್ತಾರೆ. ನನ್ನ ಕೈಯಲ್ಲಿ ಆಗುವುದಿಲ್ಲ. ಶಾಲೆಯಲ್ಲಿ ಸಿಖ್ರಾ ನನ್ನ ಬೆಂಚಿನಲ್ಲೇ ಕೂತು ನನ್ನ ಲೆಕ್ಕ ನೋಡಿ ಬರೆದು ನನಗಿಂತ ಹೆಚ್ಚು ಅಂಕ ತೆಗೆದವನು. ನಾನು ಊರಿನ ಲ್ಯಾಟಿನ್ ಮೇಷ್ಟ್ರಾಗಿ ನಿವೃತ್ತನಾದೆ. ಆತ ಬ್ರ್ನೋ ಪಟ್ಟಣದಲ್ಲಿ ಪದಗಳ ಮೂಲ ಹುಡುಕುವ ದೊಡ್ಡ ನಿಘಂಟಿನ ಯಜಮಾನನಾದ. ಬೇರೆಯವರ ಬರಹ ನೋಡಿ ಬರೆಯುವ ಚಾಳಿ ಮಾತ್ರ ಬಿಟ್ಟಿರಲಿಲ್ಲ.

ಕಮ್ಯುನಿಸ್ಟರ ಆಳ್ವಿಕೆಯ ಆ ಕಾಲದಲ್ಲಿ ಆಗಸ್ಟ್ ಬಂತೆಂದರೆ ಪಟ್ಟಣದ ಕಚೇರಿಗಳನ್ನು ಖಾಲಿ ಮಾಡಿ ಎಲ್ಲರನ್ನೂ ಹಾಪ್ಸ್ ಬಿಡಿಸಲು ಹಳ್ಳಿಗೆ ಅಟ್ಟುತ್ತಿದ್ದರು. ಬಿಯರಿಗೆ ಕಹಿ ಕೊಡುವ ಬಳ್ಳಿ ಅದು. ಕಾಯಿ ಬಲಿತ ಮೇಲೆ ಯಾರಿಗೂ ಕಾಯುವುದಿಲ್ಲ. ಆ ವರ್ಷ ನಮ್ಮ ಪಾಲಿಗೆ ನಿಘಂಟಿನವರೇ ಬಂದರು. ಅವರೊಳಗೆ ಹೊತ್ತಿ ಉರಿಯುತ್ತಿದ್ದ ಜಗಳವೂ ಈ ಬಳ್ಳಿಯ ಹೆಸರಿನದೇ.

ನಾವು ಚೆಕ್ಕರು ಅದನ್ನು ಖ್ಮೆಲ್ ಅನ್ನುತ್ತೇವೆ. ಪೋಲೆಂಡಿನವರು ಖ್ಮ್ಯೆಲ್, ಸ್ಲೊವೇನಿಯಾದವರು ಹ್ಮೆಲ್. ರಷ್ಯನ್ನರ ಬಾಯಲ್ಲಿ ಅದೇ ಮಾತು ಕುಡಿದ ಅಮಲಿಗೂ ಸಲ್ಲುತ್ತದೆ. ಇವರೆಲ್ಲರಿಗೂ ಒಬ್ಬಳೇ ಅಜ್ಜಿ: ಸ್ಲಾವ್ ಜನರೆಲ್ಲ ಒಂದೇ ಭಾಷೆ ಆಡುತ್ತಿದ್ದ ಕಾಲದ 'ಖುಮೆಲಿ'. ಆ ಪದವನ್ನು ಯಾರೂ ಬರೆದಿಟ್ಟಿಲ್ಲ, ಕೇಳಿದವರು ಉಳಿದಿಲ್ಲ. ಮೊಮ್ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಬರೆದ ಹಾಗೆ ವಿದ್ವಾಂಸರು ಊಹಿಸಿ ಕಟ್ಟಿದ ಪದ. ಹೀಗೆ ಊಹಿಸಿದ ಪದದ ತಲೆಯ ಮೇಲೆ ಒಂದು ನಕ್ಷತ್ರ ಹಾಕುವುದು ಅವರ ಕಟ್ಟುನಿಟ್ಟಾದ ಪದ್ಧತಿ. ಇದನ್ನು ಯಾರ ಬಾಯಲ್ಲೂ ಕೇಳಿಲ್ಲ, ನಮ್ಮ ಅಂದಾಜು ಮಾತ್ರ ಎಂದು ಒಪ್ಪಿಕೊಳ್ಳುವ ಗುರುತು ಅದು.

ಆ ಅಜ್ಜಿ ಎಲ್ಲಿಂದ ಬಂದಳು ಎಂಬುದಕ್ಕೇ ಜಗಳ. ವೋಲ್ಗಾ ದಡದ ತುರ್ಕರಿಂದ ನಾವು ಎರವಲು ಪಡೆದ ಪದ ಎನ್ನುವುದು ದ್ರಾಹಾ ಹಾನಾಕೋವಾಳ ವಾದ. ಆಕೆ ಹಾಪ್ಸ್ ಬೆಳೆಗಾರನ ಮಗಳು, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಚುರುಕು ನಾಲಿಗೆಯವಳು. ಅದು ನಮ್ಮದೇ ಪದ ಎನ್ನುವುದು ಲುಮೀರ್ ಓಡ್ವಾರ್ಕಾನ ವಾದ. ನೀಟಾಗಿ ಕ್ರಾಪು ತೆಗೆದ, ಯಾವಾಗಲೂ ಮುಖ ಸಿಂಡರಿಸಿಕೊಂಡಿರುವ ಹಿರಿಯ ವಿದ್ವಾಂಸ ಆತ. ಗುಡ್ಡದಾಚೆಯ ಜಾಹೊರ್ಶಿಯಲ್ಲಿ ತನ್ನ ಅಜ್ಜನಿಗೆ ಹಾಪ್ಸ್ ತೋಟವಿತ್ತು, ಅಜ್ಜ ಬಳ್ಳಿಯನ್ನು 'ಸ್ಕೊಮೆಲ್' ಎಂದು ಕರೆಯುತ್ತಿದ್ದ, ಮುಂದೆ ಇರುವ ಆ 'ಸ' ತುರ್ಕರ ಬಾಯಿಂದ ಬರಲು ಸಾಧ್ಯವೇ ಇಲ್ಲ, ಆದ್ದರಿಂದ ಪದ ಬೇರುಸಹಿತ ನಮ್ಮದು ಎನ್ನುತ್ತಿದ್ದ. ಆ ಒಂದು 'ಸ' ಅಕ್ಷರದ ಮೇಲೆ ಆತನ ಹೆಸರು, ಕುರ್ಚಿ, ಪದಕ ಎಲ್ಲ ನಿಂತಿದ್ದವು.

ನಮ್ಮಲ್ಲಿ ಹೊಸಬರು ತೋಟಕ್ಕೆ ಕಾಲಿಟ್ಟರೆ ಕೊಯ್ದ ಬಳ್ಳಿಯಿಂದ ಕಂಬಕ್ಕೆ ಕಟ್ಟುತ್ತೇವೆ. ಎಲ್ಲರಿಗೂ ಬಿಯರ್ ಕೊಡಿಸುತ್ತೇನೆ ಎಂದು ಬಾಯಿಬಿಟ್ಟರೆ ಬಿಡುಗಡೆ. ಮೊದಲ ದಿನ ಸಿಖ್ರಾನನ್ನು ಕಟ್ಟಲು ಫೋರ್ಮನ್ ಕಾಲಾಬೆಕ್ ಬಳ್ಳಿ ಎತ್ತಿಕೊಂಡಿದ್ದೇ ತಡ, ದ್ರಾಹಾ ಅದನ್ನು ಕಸಿದುಕೊಂಡಳು.

"ಇವರನ್ನ ನಾನೇ ಕಟ್ತೀನಿ. ನಾಕು ವರ್ಷದಿಂದ ಕಾಯ್ತಿದ್ದೀನಿ."

"ಬಳ್ಳಿ ಹತ್ತೋ ಹಂಗೇ ಸುತ್ತಬೇಕು ಕಣಮ್ಮ," ಎಂದ ಕಾಲಾಬೆಕ್.

"ತೊಟ್ಟಿಲಲ್ಲಿದ್ದಾಗಿಂದ ಹಾಪ್ಸ್ ನೋಡಿದೋಳಿಗೆ ಹೇಳ್ಕೊಡ್ತೀರಾ? ಸುಮ್ನೆ ನಿಂತ್ಕೊಳ್ರಿ."

ಅವಳು ಕಂಬದ ಸುತ್ತ ಹೆಜ್ಜೆ ಹಾಕಿದಳು. ಚರ್ಚಿನ ದಿಕ್ಕಿನಿಂದ ಹೊರಟು, ಹಾಪ್ಸ್ ಒಣಗಿಸುವ ಗೂಡಿನ ಕಡೆಗೆ ಬಂದು, ಹೊಳೆಯ ಕಡೆಗೆ ತಿರುಗಿ, ಮತ್ತೆ ಚರ್ಚಿಗೆ. ಹೀಗೆ ಕುತ್ತಿಗೆಯವರೆಗೂ ಬಿಗಿದು, ಪ್ರೊಫೆಸರನ ಮೂಗಿನ ಹತ್ತಿರ ಮುಖ ತಂದು ಹೇಳಿದಳು: "ನಂಗೆ ಬಿಯರ್ ಬೇಡ. ಖ್ಮೆಲ್ ಲೇಖನ ಪೂರ್ತಿ ಬರೆದಿದ್ದು ನಾನು. ಅದರ ಕೆಳಗೆ ನನ್ನ ಹೆಸರು ಹಾಕ್ತೀನಿ ಅನ್ನಿ, ಬಿಚ್ತೀನಿ."

"ಇನ್ನೊಂದು ಸಲ ಕಟ್ಟಿದ್ರೂ ಹಾಕಲ್ಲ ಹೋಗೇ," ಎಂದು ಸಿಖ್ರಾ ನಕ್ಕ.

"ಹಾಗಾದ್ರೆ ಇನ್ನೊಂದು ಸಲಾನೂ ಕಟ್ತೀನಿ."

ಬೇಲಿಯ ಹೊರಗೆ ನಿಂತಿದ್ದ ಓಡ್ವಾರ್ಕಾನತ್ತ ಕಾಲಾಬೆಕ್ ತಿರುಗಿದಾಗ ಆತ ಕೈ ಅಡ್ಡ ಹಿಡಿದ. "ನಾನು ಹೊಸಬ ಅಲ್ರೀ. ಪ್ರತಿ ಮೇ ತಿಂಗಳೂ ಅಜ್ಜನ ಜೊತೆ ಚಿಗುರು ಹಿಡಿದು ತಂತಿಗೆ ಹತ್ತಿಸಿದ ಕೈ ಇದು." ಆಮೇಲೆ ಎದೆನೋವಿದೆ ಎಂಬ ಡಾಕ್ಟರ ಚೀಟಿ ತೋರಿಸಿ ಅಡುಗೆಯ ಬೋಷ್ಕಾಳ ಹತ್ತಿರ ಆಲೂಗಡ್ಡೆ ಸುಲಿಯಲು ಹೋದ. ಅಂದಿನಿಂದ ತೋಟಕ್ಕೆ ಕಾಲಿಟ್ಟವನಲ್ಲ.

ಉಳಿದವರ ಕೈಗಳು ಒಂದೇ ದಿನದಲ್ಲಿ ಹಾಪ್ಸ್ ಅಂಟಿನಿಂದ ಕರ್ರಗಾದವು. ಆ ಅಂಟು ಸೋಪಿಗೆ ಬಗ್ಗುವುದಿಲ್ಲ, ಮುಟ್ಟಿದ್ದೆಲ್ಲ ಕಹಿ. ಮೊದಲ ಸಂಜೆ ಎಲ್ಲರೂ ಬ್ರೆಡ್ಡು ಬಾಯಿಗಿಟ್ಟು ಥೂ ಎಂದು ಉಗಿದರು. ಮರುದಿನದಿಂದ ನಮ್ಮೂರಿನವರ ಹಾಗೆ ಕಾಗದ ಸುತ್ತಿ ಹಿಡಿದು ತಿನ್ನುವುದನ್ನು ಕಲಿತರು.

ಇದನ್ನೆಲ್ಲ ನಾನು ಕಂಡದ್ದು ಡಾಕ್ಟರ್ ಹೆಡ್ವಿಕಾಳ ಬ್ಯಾಗು ಹೊತ್ತು ತಿರುಗುತ್ತಿದ್ದುದರಿಂದ. ಕೆಲಸದಲ್ಲಿದ್ದಷ್ಟು ಕಾಲ ಹೆಣಗಳನ್ನು ಕೊಯ್ದು ಕೋರ್ಟಿಗೆ ಸಾಕ್ಷಿ ಹೇಳಿದ ಡಾಕ್ಟರು ಆಕೆ. ನಿವೃತ್ತಿಯಾದ ಮೇಲೆ ನಮ್ಮೂರಿಗೆ ಬಂದು ನನ್ನ ಪಕ್ಕದ ಮನೆ ಹಿಡಿದಳು. ಅಂದಿನಿಂದ ಸುತ್ತಲ ಹಳ್ಳಿಗಳಲ್ಲಿ ಕಳುವಾದರೂ ಕೊಲೆಯಾದರೂ ಜನ ಅವಳ ಬಾಗಿಲು ತಟ್ಟುತ್ತಾರೆ, ಅವಳು ನನ್ನ ಬಾಗಿಲು ತಟ್ಟುತ್ತಾಳೆ. ಅವಳಷ್ಟು ಕಟುವಾಗಿ ಮಾತಾಡುವ ಹೆಂಗಸನ್ನು ನಾನು ಕಂಡಿಲ್ಲ. ಅವಳಷ್ಟು ಪ್ರೀತಿಯ ಸ್ನೇಹಿತರೂ ನನಗೆ ಬೇರೆ ಇಲ್ಲ.

ಕೊಯ್ಲು ಮುಗಿಯುವ ಹಬ್ಬಕ್ಕೆ ಒಂದು ದಿನ ಮುಂಚೆ, ಊಟದ ಮೇಜಿನಲ್ಲಿ ಸಿಖ್ರಾ ಬಿಯರಿನ ಲೋಟ ಕುಟ್ಟಿ ಹೇಳಿದ: "ನಾಳೆ ಹಬ್ಬದಲ್ಲಿ ಒಬ್ಬರ ಹೆಸರು ನಮ್ಮ ನಿಘಂಟಿನಿಂದ ಶಾಶ್ವತವಾಗಿ ಹೊರಗೆ ಹೋಗುತ್ತೆ. ಯಾರದು ಅಂತ ಊರೆದುರಿಗೇ ಹೇಳ್ತೀನಿ." ಎಲ್ಲರ ಕಣ್ಣೂ ದ್ರಾಹಾಳ ಮೇಲೆ ಬಿದ್ದವು. ಅವಳು ತಟ್ಟೆ ತಳ್ಳಿ ಎದ್ದುಹೋದಳು.

ಮರುದಿನ ಬೆಳಕು ಹರಿಯುವಾಗಲೇ ನಾವು ಶಾಲೆಯಲ್ಲಿದ್ದೆವು. ಬ್ರ್ನೋದವರು ಮಲಗುತ್ತಿದ್ದುದು ಅಲ್ಲೇ. ಬಳ್ಳಿ ಗೀರಿದ ತೋಳುಗಳಿಗೆ ಹೆಡ್ವಿಕಾ ದಿನಾ ಬೆಳಿಗ್ಗೆ ಮುಲಾಮು ಹಚ್ಚುತ್ತಿದ್ದಳು. ಮೊದಲು ಬಂದು ಕೂತದ್ದು ನಿಘಂಟಿನ ಕಾರ್ಯದರ್ಶಿ ವಿಲ್ಮಾ. ತಿಂಡಿಯ ಗಂಟೆ ಹೊಡೆಯುವವರೆಗೂ ಅವಳು ಅಲ್ಲಿಂದ ಏಳಲಿಲ್ಲ, ಸಿಖ್ರಾನನ್ನು ಬಯ್ಯುವುದನ್ನೂ ನಿಲ್ಲಿಸಲಿಲ್ಲ. ತಿಂಡಿಗೆ ಬ್ರೆಡ್ಡು, ಪ್ಲಮ್ ಹಣ್ಣಿನ ಪಾಕ. ಓಡ್ವಾರ್ಕಾ ಒಂದು ತುಂಡು ಕಚ್ಚಿದವನೇ ಉಗಿದು ಬೋಷ್ಕಾಳ ಮೇಲೆ ಹರಿಹಾಯ್ದ.

"ಏನೇ ಇದು? ಹಿಟ್ಟಿಗೆ ಕಹಿ ಔಷಧಿ ಕಲಸಿದೀಯಾ?"

"ನಿಮ್ಮ ನಾಲಿಗೇನೇ ಕಹಿ, ಬ್ರೆಡ್ಡಿಗ್ಯಾಕೆ ಬಯ್ತೀರಿ? ಅದೇ ಬ್ರೆಡ್ಡು ಮೇಷ್ಟ್ರು ತಿಂತಿಲ್ವಾ?" ಎಂದಳು ಬೋಷ್ಕಾ.

ನಾನು ತಿನ್ನುತ್ತಿದ್ದೆ. ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಕಾಲಾಬೆಕ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. "ಡಾಕ್ಟ್ರಮ್ಮ, ಬೇಗ ಬನ್ನಿ! ಪ್ರೊಫೆಸರ್‌ನ ಮತ್ತೆ ಕಟ್ಟಿದಾರೆ. ಈ ಸಲ ಉಸಿರಿಲ್ಲ."

ಅದೇ ಕಂಬ. ತಲೆಯ ಹಿಂಭಾಗ ಒಡೆದಿತ್ತು. ಕಂಬ ಹೂಳುವ ಮರದ ಕೊಡತಿ ಹುಲ್ಲಿನಲ್ಲಿ ಬಿದ್ದಿತ್ತು. ಕುತ್ತಿಗೆಯವರೆಗೂ ಬಳ್ಳಿ ಸುತ್ತಿತ್ತು. ಅವನ ಮೇಲೆ ನನಗೆ ಎಷ್ಟೇ ದ್ವೇಷವಿರಲಿ, ಸಹಪಾಠಿಯ ಕೂದಲಿಗೆ ರಕ್ತ ಮೆತ್ತಿದ್ದನ್ನು ನೋಡಿ ನಾನು ಟೋಪಿ ತೆಗೆದೆ. ಸತ್ತು ಒಂದೆರಡು ಗಂಟೆಯಾಗಿದೆ ಎಂದಳು ಹೆಡ್ವಿಕಾ.

ಓಲೊಮೋಟ್ಸ್ ಪಟ್ಟಣದಿಂದ ಲೆಫ್ಟಿನೆಂಟ್ ಮ್ರಾಜ್ ಜೀಪಿನಲ್ಲಿ ಬಂದ. ಅವನ ಪೇದೆ ಬಳ್ಳಿಯ ತುದಿ ಹಿಡಿದು ಕಂಬದ ಸುತ್ತ ನಡೆಯುತ್ತ ಬಿಚ್ಚಿದ: ಚರ್ಚಿನ ಕಡೆಯಿಂದ ಗೂಡಿಗೆ, ಗೂಡಿನಿಂದ ಹೊಳೆಗೆ, ಮತ್ತೆ ಚರ್ಚಿಗೆ. ಹೆಡ್ವಿಕಾ ಅವನನ್ನೇ ದಿಟ್ಟಿಸುತ್ತಿದ್ದಳು. ಹೆಣದ ಮೇಲೆ ಅವಳಿಗೆ ಆಸಕ್ತಿಯೇ ಹೋದಂತಿತ್ತು.

ಮ್ರಾಜ್‌ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನೊಂದು ಸಲ ಕಟ್ಟುತ್ತೇನೆ ಎಂದು ಊರೆದುರಿಗೆ ಹೇಳಿದವಳು ದ್ರಾಹಾ. ಬೆಳಗಿನ ಜಾವ ಹೊಳೆಯ ದಂಡೆಯಲ್ಲಿ ಒಬ್ಬಳೇ ಅಳುತ್ತ ಕೂತಿದ್ದೆ ಎನ್ನುವುದಷ್ಟೇ ಅವಳ ಉತ್ತರ. ಅವಳ ಕೈಗೆ ಬೇಡಿ ಬಿತ್ತು.

"ಇದಕ್ಕೆ ಗಲ್ಲು ತಾನೇ?" ಎಂದು ಕೇಳಿದಳು ದ್ರಾಹಾ. ಗಟ್ಟಿಗಿತ್ತಿಯ ದನಿ ಸಣ್ಣದಾಗಿತ್ತು.

ಮ್ರಾಜ್ ಬೇಡಿಯ ಬೀಗ ಎಳೆದು ನೋಡಿದ. ಆ ಕಾಲದಲ್ಲಿ ಉತ್ತರ ಎಲ್ಲರಿಗೂ ಗೊತ್ತಿತ್ತು.

"ಲೆಫ್ಟಿನೆಂಟ್, ಸಂಜೆವರೆಗೂ ಇವಳನ್ನ ಇಲ್ಲೇ ಇರಿಸಿ," ಎಂದಳು ಹೆಡ್ವಿಕಾ.

"ವಯಸ್ಸಾದ್ಮೇಲೆ ಹೂಗಿಡಕ್ಕೆ ನೀರು ಹಾಕ್ಕೊಂಡು ಮನೇಲಿರಬೇಕು ಡಾಕ್ಟ್ರೆ."

"ಹಾಕ್ತೀನಿ. ನೀವು ಯಾರ್ಯಾರ್ದೋ ಕೈಗೆ ಬೇಡಿ ಹಾಕೋದು ನಿಲ್ಸಿ, ನಾನು ಗಿಡಕ್ಕೆ ನೀರು ಹಾಕ್ತೀನಿ. ಈ ಸೀಮೆಗೆ ಬೇರೆ ಡಾಕ್ಟರಿಲ್ಲ, ಈ ಶವದ ವರದಿ ಬರೆಯೋಳು ನಾನೇ ಅನ್ನೋದು ನೆನಪಿರಲಿ."

ಮ್ರಾಜ್ ಹಲ್ಲು ಕಡಿದು ಒಪ್ಪಿದ.

ಹೆಡ್ವಿಕಾ ನನ್ನನ್ನು ಕರೆದುಕೊಂಡು ಹೋದದ್ದು ಕಾಲಾಬೆಕ್‌ನ ತಾಯಿ ಲುದ್ಮಿಲಾ ಅಜ್ಜಿಯ ಅಂಗಳಕ್ಕೆ. ಊರಿನಲ್ಲಿ ಅವಳಿಗಿಂತ ಹಿರಿಯರಿಲ್ಲ. ಅಜ್ಜಿ ಬೀನ್ಸ್ ಸುಲಿಯುತ್ತಿದ್ದಳು.

"ಆ ಪ್ರೊಫೆಸರಾ? ಭಾನುವಾರ ಬಂದಿದ್ದ. ಯಾವ್ದೋ ಮಾತು ಹೇಳಿ, ನಿಮ್ಮ ಕಾಲದಲ್ಲಿ ಹಿಂಗಂತಿದ್ರಾ ಅಂದ. ನಾನು ಹುಟ್ಟಿದಾಗಿಂದ ಕೇಳಿಲ್ಲ ಕಣಯ್ಯಾ ಅಂದೆ. ಇಡೀ ಊರು ತಿರುಗ್ದ. ಈಗ ಬೀದಿ ಮಕ್ಕಳೆಲ್ಲ ಅದನ್ನೇ ಕೂಗ್ಕೊಂಡು ಆಡ್ತಾವೆ, ತಲೆನೋವು."

"ಜಾಹೊರ್ಶಿಗೆ ಹೋಗಿ ಕೇಳು ಅನ್ನಲಿಲ್ವಾ ಅಜ್ಜಿ?"

"ಅಲ್ಲಿಂದಾನೇ ಬಂದೆ ಅಂದ. ಅಲ್ಲೇನಿದೆ ಕೇಳಕ್ಕೆ? ಆ ಊರಲ್ಲಿ ಬೀಟ್‌ರೂಟ್ ಬಿಟ್ರೆ ಏನೂ ಬೆಳೆಯಲ್ಲ."

ಹೆಡ್ವಿಕಾ ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟಳು. ಅವಳು ಯಾರಿಗಾದರೂ ಮುತ್ತು ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆಗೆ ಮುಂಚೆ ಎಲ್ಲರೂ ಹಾಪ್ಸ್ ತೂಗುವ ಕೊಟ್ಟಿಗೆಯಲ್ಲಿ ಸೇರಿದರು. ಹಬ್ಬಕ್ಕೆಂದು ತಂದ ಬಿಯರಿನ ಪೀಪಾಯಿ ಮುಟ್ಟುವವರಿಲ್ಲದೆ ಮೂಲೆಯಲ್ಲಿತ್ತು. ಬಾಗಿಲಲ್ಲಿ ಮ್ರಾಜ್, ಅವನ ಪಕ್ಕ ಬೇಡಿ ಹಾಕಿದ ದ್ರಾಹಾ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಮೇಷ್ಟ್ರೆ, ಆ ಕಂಬಕ್ಕೆ ಒರಗಿ ನಿಂತ್ಕೊಳ್ಳಿ," ಎಂದಳು ಹೆಡ್ವಿಕಾ. ನಾನು ನಿಂತೆ. ಅವಳು ಒಂದು ಹಗ್ಗ ತೆಗೆದಳು. "ಒಬ್ಬೊಬ್ಬರಾಗಿ ಬಂದು ಇವರನ್ನ ಕಟ್ಟಿ. ತೋಟದಲ್ಲಿ ಹೊಸಬರನ್ನ ಕಟ್ತಾರಲ್ಲ, ಹಾಗೆ."

"ಇದೇನು ನಾಟಕ?" ಎಂದ ಓಡ್ವಾರ್ಕಾ.

"ನಾಟಕ ಬೇಡ ಅನ್ನೋರು ಮೊದಲು ಬರಬಹುದು."

ಮೊದಲು ಕಾಲಾಬೆಕ್ ಕಟ್ಟಿದ. ಬೇಡಿ ಬಿಚ್ಚಿಸಿಕೊಂಡು ದ್ರಾಹಾ ಕಟ್ಟಿದಳು. ಆಮೇಲೆ ವಿಲ್ಮಾ, ಕೊನೆಗೆ ಓಡ್ವಾರ್ಕಾ. ನಾಲ್ಕು ಸಲ ಕಟ್ಟಿಸಿಕೊಂಡು ನಾಲ್ಕು ಸಲ ಬಿಚ್ಚಿಸಿಕೊಂಡ ನನಗೆ ಮೈಯೆಲ್ಲ ಉರಿ.

"ನೋಡಿದ್ರಾ ಲೆಫ್ಟಿನೆಂಟ್?" ಎಂದಳು ಹೆಡ್ವಿಕಾ. "ಹಾಪ್ಸ್ ಬಳ್ಳಿ ಸೂರ್ಯ ತಿರುಗೋ ಕಡೆಗೇ ತಿರುಗುತ್ತೆ. ಮೂಡಣದಿಂದ ತೆಂಕಣಕ್ಕೆ, ತೆಂಕಣದಿಂದ ಪಡುವಣಕ್ಕೆ. ಬಲವಂತವಾಗಿ ಉಲ್ಟಾ ಸುತ್ತಿದ್ರೆ ತಾನೇ ಬಿಚ್ಕೊಂಡು ಬಿದ್ದುಹೋಗುತ್ತೆ. ಪ್ರತಿ ಮೇ ತಿಂಗಳು ಸಾವಿರಾರು ಚಿಗುರು ತಂತಿಗೆ ಸುತ್ತೋ ಜನ ಇವರು. ಕಣ್ಣು ಕಟ್ಟಿ ಬಿಟ್ರೂ ಇವರ ಕೈ ತಪ್ಪು ದಿಕ್ಕಿಗೆ ಹೋಗಲ್ಲ. ಕಾಲಾಬೆಕ್ ಹಾಗೇ ಕಟ್ಟಿದ. ದ್ರಾಹಾ ಇವತ್ತೂ ಹಾಗೇ, ಮೊದಲ ದಿನವೂ ಹಾಗೇ ಕಟ್ಟಿದಳು: ಮೂಡಣದ ಚರ್ಚು, ತೆಂಕಣದ ಗೂಡು, ಪಡುವಣದ ಹೊಳೆ."

"ಕೊಲೆಗಾರ ಹೇಗೆ ಕಟ್ಟಿದ್ದ?"

"ನಿಮ್ಮ ಪೇದೆ ಬಿಚ್ಚುವಾಗ ಯಾವ ಕಡೆ ನಡೆದ? ಅವನೂ ಚರ್ಚು, ಗೂಡು, ಹೊಳೆ ಅಂತಲೇ ಹೋದ. ಬಿಚ್ಚೋಕೆ ಆ ದಾರಿ ಹಿಡಿದ ಅಂದ್ರೆ, ಕಟ್ಟಿದೋರು ಅದಕ್ಕೆ ಉಲ್ಟಾ ಸುತ್ತಿದ್ರು. ಕಟ್ಟೋ ಪದ್ಧತಿ ಕಂಡಿದ್ದ, ಆದ್ರೆ ಕೈಗೆ ಅದು ಗೊತ್ತಿಲ್ಲದ ಮನುಷ್ಯ. ಇವತ್ತು ಇಬ್ರು ಉಲ್ಟಾ ಸುತ್ತಿದ್ರು. ವಿಲ್ಮಾ, ಮತ್ತೆ..."

"ನಾನಲ್ಲ!" ಎಂದು ವಿಲ್ಮಾ ಕಿರುಚಿದಳು. "ಆ ಮನುಷ್ಯ ಸಾಯಲಿ ಅಂತ ದಿನಾ ಬೇಡ್ಕೊಂಡೆ, ನಿಜ. ಕೊಂದಿಲ್ಲ!"

"ಗೊತ್ತಮ್ಮ. ಬೆಳಕಾದಾಗಿಂದ ತಿಂಡಿವರೆಗೂ ನೀನು ನನ್ನ ಎದುರಿಗೇ ಕೂತು ನನ್ನ ಕಿವಿ ತಿಂತಿದ್ದೆ." ಹೆಡ್ವಿಕಾ ಓಡ್ವಾರ್ಕಾನತ್ತ ತಿರುಗಿದಳು. "ನೀವು ಹೇಳಿ. ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿದ್ರಾ?"

"ತೋಟಕ್ಕೆ ಕಾಲಿಟ್ಟಿಲ್ಲ. ಬಳ್ಳಿ ಮುಟ್ಟಿಲ್ಲ. ಬೋಷ್ಕಾನ ಕೇಳಿ."

"ಬೋಷ್ಕಾ ಕೊಟ್ಟ ಬ್ರೆಡ್ಡು ಮೇಷ್ಟ್ರಿಗೆ ಸಿಹಿ, ನಿಮಗೆ ಕಹಿ. ಯಾಕೆ? ತೋಟದಲ್ಲಿ ದುಡಿದೋರೆಲ್ಲ ಕಾಗದ ಸುತ್ತಿ ಹಿಡಿದು ತಿಂತಾರೆ, ಅವರಿಗೆ ಗೊತ್ತು. ಬಳ್ಳಿ ಮುಟ್ಟಿದ್ರೆ ಕೈಯ ಕಹಿ ತೊಳೆದ್ರೂ ಹೋಗಲ್ಲ ಅಂತ ನಿಮಗೊಬ್ಬರಿಗೇ ಗೊತ್ತಿರಲಿಲ್ಲ. ಆಲೂಗಡ್ಡೆ ಸುಲಿದ ಕೈಗೆ ಆ ಕಹಿ ಎಲ್ಲಿಂದ ಬಂತು?"

ಓಡ್ವಾರ್ಕಾ ತನ್ನ ಬೆರಳುಗಳನ್ನು ಕೋಟಿಗೆ ಒರೆಸಿಕೊಂಡ.

"ಹಾಪ್ಸ್ ಬೆಳೆದವನ ಮೊಮ್ಮಗ ನಾನು..."

"ಹಾಪ್ಸ್ ಬೆಳೆದವನ ಮೊಮ್ಮಗನಿಗೆ ಬಳ್ಳಿ ಯಾವ ಕಡೆ ಹತ್ತುತ್ತೆ ಅಂತ ಗೊತ್ತಿರುತ್ತೆ. ಅದರ ಅಂಟು ಕಹಿ ಅಂತಾನೂ ಗೊತ್ತಿರುತ್ತೆ. ಜಾಹೊರ್ಶಿಯಲ್ಲಿ ಹಾಪ್ಸ್ ತೋಟವೇ ಇರಲಿಲ್ಲ ಓಡ್ವಾರ್ಕಾ. ಸ್ಕೊಮೆಲ್ ಅನ್ನೋ ಮಾತು ಈ ಸೀಮೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಸಿಖ್ರಾ ಭಾನುವಾರ ಮನೆಮನೆಗೆ ಹೋಗಿ ಅದನ್ನ ಖಾತ್ರಿ ಮಾಡ್ಕೊಂಡ. ನಿಘಂಟಿನಿಂದ ಹೊರಗೆ ಹೋಗಬೇಕಾಗಿದ್ದ ಹೆಸರು ದ್ರಾಹಾಳದ್ದಲ್ಲ. ಅವಳ ಹೆಸರು ಒಳಗೇ ಇರಲಿಲ್ಲವಲ್ಲ, ಹೊರಗೆ ಹೋಗೋದೆಲ್ಲಿಂದ? ಅದು ನಿಮ್ಮದು. ಅದು ನಿಮಗೆ ಆ ಮೇಜಿನಲ್ಲೇ ಅರ್ಥವಾಯ್ತು. ಬೆಳಿಗ್ಗೆ ಅವನನ್ನ ತೋಟಕ್ಕೆ ಕರೆದು ಹೊಡೆದ್ರಿ. ಈ ಹುಡುಗಿ ಎಲ್ಲರ ಎದುರು ಆಡಿದ ಮಾತು ನೆನಪಾಯ್ತು, ಅವಳ ಕತ್ತಿಗೆ ಹಗ್ಗ ಬೀಳಲಿ ಅಂತ ಹೆಣವನ್ನ ಬಳ್ಳಿಯಲ್ಲಿ ಕಟ್ಟಿದ್ರಿ."

ಆತ ಬಾಗಿಲ ಕಡೆ ನೋಡಿದ. ಅಲ್ಲಿ ಮ್ರಾಜ್ ನಿಂತಿದ್ದ. ಆಮೇಲೆ ಆತ ಮಾತಾಡಿದ್ದು ನಮ್ಮ ಯಾರ ಜೊತೆಗೂ ಅಲ್ಲ, ದ್ರಾಹಾಳ ಜೊತೆ.

"ಆ ರೂಪ ಇರಲೇಬೇಕಾಗಿತ್ತು! ಎಲ್ಲ ಅದರ ಕಡೆಗೇ ಬೊಟ್ಟು ಮಾಡ್ತಿತ್ತು. ಎಲ್ಲೋ ಒಬ್ಬ ಮುದುಕ ಅದನ್ನ ಅಂದೇ ಅಂದಿರ್ತಾನೆ. ನಾನು ಅದಕ್ಕೆ ಒಂದು ಬಾಯಿ ಕೊಟ್ಟೆ, ಅಷ್ಟೇ. ಬಿಟ್ಟುಬಿಡು ಅಂತ ಸಿಖ್ರಾನ ಕಾಲು ಕೂಡ ಹಿಡಿದೆ. ನಿನ್ನ ಅಜ್ಜನನ್ನ ಊರೆದುರು ಹೂಳ್ತೀನಿ ಅಂತ ನಕ್ಕ. ಬೆನ್ನು ತಿರುಗಿಸಿದ."

ದ್ರಾಹಾ ಬೇಡಿ ಬಿಚ್ಚಿದ ಕೈ ಉಜ್ಜಿಕೊಳ್ಳುತ್ತ ಅವನ ಹತ್ತಿರ ಹೋದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಒಂದು ನಕ್ಷತ್ರ ಹಾಕಿದ್ರೆ ಸಾಕಾಗಿತ್ತಲ್ರೀ," ಎಂದಳು ಅವಳು. "ಊಹೆ ಅಂತ ಒಪ್ಕೊಂಡು ಅದರ ತಲೆ ಮೇಲೆ ಒಂದೇ ಒಂದು ನಕ್ಷತ್ರ. ನಾವು ಜಗಳ ಆಡಿರ್ತಿದ್ವಿ. ಯಾರೂ ಸಾಯ್ತಿರಲಿಲ್ಲ."

ಓಡ್ವಾರ್ಕಾನ ಮುಖ ಆಗ ಕಳೆಗುಂದಿತು. ಬಳ್ಳಿಯ ಮಾತಿಗೂ ಬ್ರೆಡ್ಡಿನ ಮಾತಿಗೂ ಅಲುಗದವನು ಈ ಮಾತಿಗೆ ಕುಸಿದು ತಕ್ಕಡಿಯ ಮೇಲೆ ಕೂತ. ಮ್ರಾಜ್ ಅವನನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದ. ಹೆಡ್ವಿಕಾಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಾನೇ ಹಿಂದಿನಿಂದ ಕೂಗಿ ಹೇಳಿದೆ, ಗಿಡಕ್ಕೆ ನೀರು ಹಾಕಲು ಹೋಗುತ್ತಿದ್ದೇವೆ ಎಂದು.

ನಿಘಂಟಿನ ಆ ಸಂಪುಟ ದ್ರಾಹಾಳ ಹೆಸರಿನಲ್ಲೇ ಬಂತು. ಖ್ಮೆಲ್ ಪದದ ಮೂಲ ಇನ್ನೂ ವಿವಾದದಲ್ಲಿದೆ ಎಂದು ಅದರಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಳು. ಸ್ಕೊಮೆಲ್ ಅದರಲ್ಲಿರಲಿಲ್ಲ.

ವರ್ಷಗಳು ಕಳೆದ ಮೇಲೆ ಒಂದು ಮೇ ತಿಂಗಳಲ್ಲಿ ಅವಳು ನಮ್ಮನ್ನು ನೋಡಲು ಹ್ರಾಡ್ನಾಕ್ಕೆ ಬಂದಳು. ಹೆಡ್ವಿಕಾಳಿಗೆ ಆಗ ಕಣ್ಣು ಮಂಜಾಗಿತ್ತು. ದ್ರಾಹಾ ಮತ್ತು ನಾನು ಅವಳನ್ನು ನಡುವೆ ಹಿಡಿದು ತೋಟದ ಅಂಚಿನಲ್ಲಿ ನಡೆಸುತ್ತಿದ್ದೆವು. ಹೆಂಗಸರು ಬಗ್ಗಿ ಚಿಗುರುಗಳನ್ನು ತಂತಿಗೆ ಹತ್ತಿಸುತ್ತಿದ್ದರು. ಒಬ್ಬಳು ಪಕ್ಕದವಳನ್ನು ಗದರಿದಳು: "ಅಯ್ಯೋ, ಅದು ಸ್ಕೊಮೆಲ್ ಆಯ್ತಲ್ಲೇ! ಬಿಚ್ಚಿ ಮತ್ತೆ ಸುತ್ತು."

ದ್ರಾಹಾ ನಿಂತೇ ಬಿಟ್ಟಳು. "ಏನಂದ್ರಿ ಅಕ್ಕಾ? ಸ್ಕೊಮೆಲ್ ಅಂದ್ರೇನು?"

"ಹಿಂಗೆ ಉಲ್ಟಾ ಸುತ್ತಿದ ಬಳ್ಳಿ ಕಣ್ರೀ. ಸುಳ್ಳು ಹೇಳೋರಿಗೂ ಹಂಗೇ ಅಂತೀವಿ. ಚಿಕ್ಕಂದಿನಲ್ಲಿ ಬೀದೀಲಿ ಕೂಗ್ಕೊಂಡು ಆಡ್ತಿದ್ದಾಗಿಂದಾನೂ ಅಂತೀವಪ್ಪ. ನಿಮ್ಮ ಕಡೆ ಅನ್ನಲ್ವಾ?"

ಹೆಡ್ವಿಕಾ ಗಟ್ಟಿಯಾಗಿ ನಕ್ಕಳು. ದ್ರಾಹಾ ನಗಲಿಲ್ಲ. ಕಿವಿಯಾರೆ ಕೇಳಿದ ಪದವನ್ನು ಬಿಡುವ ಹಾಗಿಲ್ಲ ಎಂದಷ್ಟೇ ಹೇಳಿದಳು.

ಮುಂದಿನ ಆವೃತ್ತಿಯಲ್ಲಿ ಅದು ಸೇರಿತು. ಸ್ಕೊಮೆಲ್: ಹ್ರಾಡ್ನಾದಲ್ಲಿ ಮಾತ್ರ ಬಳಕೆ, ತಪ್ಪು ದಿಕ್ಕಿಗೆ ಸುತ್ತಿದ ಬಳ್ಳಿ, ಸುಳ್ಳುಗಾರ. ತಲೆಯ ಮೇಲೆ ನಕ್ಷತ್ರವಿಲ್ಲ. ಪದಗಳ ಮೂಲ ಹೇಳುವ ಜಾಗದಲ್ಲಿ 'ಬಹುಶಃ', 'ಇರಬಹುದು', 'ವಿವಾದವಿದೆ' ಎಂದೇ ತುಂಬಿರುವ ಆ ದಪ್ಪ ಪುಸ್ತಕದಲ್ಲಿ, ಇದೊಂದು ಪದದ ಮುಂದೆ ಮಾತ್ರ ದ್ರಾಹಾ ಬರೆದಿದ್ದಾಳೆ: ಮೂಲ ಖಚಿತವಾಗಿ ಗೊತ್ತಿದೆ.